ನಟ ಬಾಲಕೃಷ್ಣರು: ಅಷ್ಟೂರದಿಂದ ಒಂದು ಸ್ಮರಣೆ

ಬೀದರ ನಗರದ ಪೂರ್ವಕ್ಕೆ ಸುಮಾರು 3 ಕಿಲೋಮೀಟರು ದೂರದಲ್ಲಿರುವ ಅಷ್ಟೂರವು ಬಹಮನಿ ಸುಲ್ತಾನರ ಗೋರಿಗಳಿಂದ ಪ್ರಸಿದ್ಧವಾದ ಊರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವಾದ ವಿಷಯ. 1422ರಿಂದ 1436ರ ವರೆಗೆ ಆಳಿದ ಅಹಮದ್ ಶಾಹನ ಗೋರಿಯ ಒಳಗೋಡೆಗಳ ಚಿತ್ರ ಮತ್ತು ಲಿಪಿಗಳನ್ನು ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಇಲ್ಲಿಯ ಜಾತ್ರೆಗೆ ಬರುವ ಜನರ ಪಾಲಿಗೆ ಅಹಮದ್ ಶಾಹನು ಕಲಬುರಗಿಯಿಂದ ಬೀದರಕ್ಕೆ ರಾಜಧಾನಿಯನ್ನು ತಂದ ದೊರೆಯಲ್ಲ. ಮುಸಲ್ಮಾನರಿಗೆ ಆತನು ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ವರ್ಷಕ್ಕೊಮ್ಮೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ಸುಲ್ತಾನನ ಗೋರಿಗೆ ಪೂಜೆ ಸಲ್ಲಿಸುತ್ತಾರೆ. ಗೋಡೆಯ ಬರಹ ಒಂದನ್ನು ಹೇಳುತ್ತದೆ, ಜನರ ನೆನಪು ಬೇರೊಂದನ್ನು ಹೇಳುತ್ತದೆ. ಇತಿಹಾಸಕಾರನು ಎರಡನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಈ ಎರಡನೆಯ ಬಗೆಯ ಸಾಕ್ಷ್ಯವನ್ನು ನಮ್ಮ ಕಾಲಕ್ಕೆ ತೀರ ಸಮೀಪವಾದ ವಿಷಯವೊಂದರಲ್ಲಿ ಪರೀಕ್ಷಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ವಿಷಯ ದಿವಂಗತ ಟಿ. ಎನ್. ಬಾಲಕೃಷ್ಣರು, ಜನರ ಬಾಯಲ್ಲಿ ಬಾಲಣ್ಣ. 1995ರ ಜುಲೈ 19ರಂದು ಅವರು ತೀರಿಕೊಂಡು ಮೂರು ದಶಕಗಳಾದುವು. ಚಲನಚಿತ್ರದ ನಗೆನಟನೊಬ್ಬನಿಗೆ ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಸ್ಥಾನವುಂಟೇ ಎಂದು ಕೇಳುವವರಿದ್ದಾರೆಂಬುದನ್ನು ಬಲ್ಲೆವು. ನಾಣ್ಯದ ಒಂದು ಮುಖವನ್ನು ಓದಲು ವರ್ಷಗಟ್ಟಲೆ ಶ್ರಮಿಸುವ ನಾವು, ಲಕ್ಷಾಂತರ ಜನರು ಕಂಡು ನಕ್ಕ ಮುಖವೊಂದನ್ನು ಓದಲು ಕೆಲವು ಪುಟಗಳನ್ನು ವಿನಿಯೋಗಿಸಿದರೆ ತಪ್ಪಾಗದೆಂದು ಭಾವಿಸುತ್ತೇವೆ.

1990ರ ದಶಕದಲ್ಲಿ ಬೆಂಗಳೂರು ದೂರದರ್ಶನವು ಭಾನುವಾರ ತೋರಿಸುತ್ತಿದ್ದ ಕನ್ನಡ ಚಿತ್ರಗಳನ್ನು ನಾವು ಅಷ್ಟೂರದಲ್ಲಿ ಮುತ್ಯಾನ ಪಕ್ಕದಲ್ಲಿ ಕುಳಿತು ನೋಡಿದವರು. ಮುತ್ಯಾ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರ ಅವರಿಗೆ ಕಷ್ಟದಿಂದ ಬರುತ್ತಿತ್ತು. 1956ರಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಸೇರಿದಾಗ ಅವರು ಆಗಲೇ ಸಂಸಾರವಂದಿಗರು. ಕಾಗದಪತ್ರದ ಕನ್ನಡಕ್ಕಿಂತ ಸಿನಿಮಾದ ಕನ್ನಡವೇ ಅವರಿಗೆ ಹೆಚ್ಚು ಪರಿಚಿತವಾಗಿತ್ತು. ತೆರೆಯ ಮೇಲೆ ಬಾಲಕೃಷ್ಣರು ಕಾಣಿಸಿದೊಡನೆ, "ಇಂವ ಬಂದಾ ನೋಡು, ಇನ್ನ ಮನಿ ಮುರೀತಾನ" ಎಂದು ಅವರು ಸಂತೋಷದಿಂದ ಹೇಳುತ್ತಿದ್ದರು. ಮನೆ ಮುರಿಯುವವನನ್ನು ಕಂಡು ಸಂತೋಷಪಡುವುದೇಕೆಂದು ಆಗ ನಮಗೆ ತಿಳಿಯುತ್ತಿರಲಿಲ್ಲ. ಬಾಲಕೃಷ್ಣರ ಕಣ್ಣಿನಲ್ಲಿದ್ದ ಒಂದು ನೋಟ ಮಾತ್ರ ನಮ್ಮ ಮನಸ್ಸಿನಲ್ಲಿ ನಿಂತಿತು: ಎದುರಿನವನ ಮುಖದಿಂದ ಕದಲದ, ಮಾತು ಮುಗಿಯುವುದನ್ನೇ ಹೊಂಚುವಂತಿದ್ದ ನೋಟ. ಅದನ್ನು ನಾವು ಕಪಟವೆಂದು ತಿಳಿದಿದ್ದೆವು.

ಈಗ ದಾಖಲೆಯ ಕಡೆಗೆ ಬರೋಣ. ಬಾಲಕೃಷ್ಣರು 1911ರಲ್ಲಿ ಅರಸೀಕೆರೆಯಲ್ಲಿ ಜನಿಸಿದರು. ವೃತ್ತಿನಾಟಕ ಕಂಪನಿಗಳಲ್ಲಿ ಪಳಗಿ, 1943ರ 'ರಾಧಾರಮಣ'ದಿಂದ ಚಲನಚಿತ್ರಕ್ಕೆ ಬಂದು, ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಅವರಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಸಹನಟರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ಗ್ರಹಿಸಿ, ತಮ್ಮ ಮಾತನ್ನು ಸಕಾಲಕ್ಕೆ ಆಡುತ್ತಿದ್ದರು. ನಾಟಕ ಮತ್ತು ಸಿನಿಮಾಗಳಲ್ಲಿ ಹಾಸ್ಯವೆಂದರೆ ಕಾಲಪ್ರಜ್ಞೆ. ಕ್ಷಣಾರ್ಧ ಮೊದಲು ಆಡಿದರೂ ತಡವಾಗಿ ಆಡಿದರೂ ನಗೆ ಹುಟ್ಟದು. ಕಿವಿಯ ನೆರವಿಲ್ಲದೆ ಅರ್ಧ ಶತಮಾನ ಕಾಲ ನಗೆಯನ್ನು ಹುಟ್ಟಿಸಿದವರೆಂಬುದೊಂದೇ ಅವರನ್ನು ವಿಶೇಷ ಅಧ್ಯಯನಕ್ಕೆ ಪಾತ್ರರನ್ನಾಗಿ ಮಾಡತಕ್ಕದ್ದು.

ಇದು ಹೇಗೆ ಸಾಧ್ಯವಾಯಿತು? ಕಂಪನಿ ನಾಟಕದ ಶಿಕ್ಷಣವೇ ಮುಖ್ಯ ಕಾರಣವೆಂದು ನಮ್ಮ ಊಹೆ. ಧ್ವನಿವರ್ಧಕಗಳಿಲ್ಲದ ದಿನಗಳಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಬೇಕಾಗಿದ್ದುದರಿಂದ ಕಂಪನಿಯ ನಟನು ಒಂದೊಂದು ಅಕ್ಷರವನ್ನೂ ಬಾಯಿ ತುಂಬ ಉಚ್ಚರಿಸುತ್ತಿದ್ದನು. ಒಂದೇ ನಾಟಕವನ್ನು ನೂರಾರು ಸಲ ಆಡುವಾಗ ತನ್ನ ಮಾತಿನೊಡನೆ ಇತರರ ಮಾತುಗಳೂ ಕಂಠಸ್ಥವಾಗುತ್ತಿದ್ದುವು. ಹಾಗೆ ಬೆಳೆದವರ ತುಟಿಗಳನ್ನು ಓದುವುದು ಸುಲಭ. 1950 ಮತ್ತು 60ರ ದಶಕಗಳ ಕನ್ನಡ ಚಿತ್ರಗಳ ಮುಖ್ಯ ನಟರಲ್ಲಿ ಅನೇಕರು ಇದೇ ಮೂಸೆಯಿಂದ ಬಂದವರಾದುದರಿಂದ, ಬಾಲಕೃಷ್ಣರು ಸಿನಿಮಾಕ್ಕೆ ಬಂದರೂ ಒಂದರ್ಥದಲ್ಲಿ ತಮ್ಮ ಕಂಪನಿಯನ್ನು ಬಿಟ್ಟಿರಲಿಲ್ಲ. ನಾವು ಬಾಲ್ಯದಲ್ಲಿ ಕಪಟವೆಂದು ತಿಳಿದ ನೋಟವು ವಾಸ್ತವವಾಗಿ ಕೇಳಿಸಿಕೊಳ್ಳುವ ಶ್ರಮವಾಗಿತ್ತೆಂದು ಈಗ ತೋರುತ್ತದೆ. ಆ ಶ್ರಮವನ್ನೇ ಪಾತ್ರದ ಗುಣವನ್ನಾಗಿ ಮಾರ್ಪಡಿಸಿದ್ದು ಅವರ ಜಾಣ್ಮೆ.

ನಟನ ಜೀವನವು ಅಭಿನಯದಲ್ಲಿಯೇ ಮುಗಿಯಲಿಲ್ಲ. ಕನ್ನಡ ಚಿತ್ರಗಳ ಬಹುಭಾಗ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ ಅದು. ಚಿತ್ರಗಳ ಸಂಖ್ಯೆ ಅಲ್ಪ, ನಟರ ಹೊಟ್ಟೆಪಾಡು ಅನಿಶ್ಚಿತ. ಆಗ ರಾಜಕುಮಾರ್, ಜಿ. ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣರು ಕೂಡಿ ಕಲಾವಿದರ ಸಂಘವೊಂದನ್ನು ಕಟ್ಟಿ, ಊರೂರು ತಿರುಗಿ ನಾಟಕಗಳನ್ನಾಡಿದರು. 1960ರಲ್ಲಿ 'ರಣಧೀರ ಕಂಠೀರವ'ವನ್ನು ತಾವೇ ನಿರ್ಮಿಸಿದರು. ಈ ನಾಲ್ವರಲ್ಲಿ ಇಬ್ಬರು ಹಾಸ್ಯನಟರೆಂಬುದನ್ನು ಗಮನಿಸಬೇಕು. ಕನ್ನಡ ಚಿತ್ರೋದ್ಯಮದ ಇತಿಹಾಸವನ್ನು ನಾಯಕರ ಇತಿಹಾಸವಾಗಿ ಬರೆಯುವ ಪದ್ಧತಿಯಲ್ಲಿ ಈ ಅಂಶ ಮರೆಯಾಗಿಬಿಡುತ್ತದೆ. ತರುವಾಯ ಬಾಲಕೃಷ್ಣರು ಚಿತ್ರೀಕರಣಕ್ಕಾಗಿ ಪರನಾಡಿಗೆ ಹೋಗುವ ಸ್ಥಿತಿ ತಪ್ಪಬೇಕೆಂದು ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋವನ್ನು ಸ್ಥಾಪಿಸಿ, ನಟನೆಯ ಗಳಿಕೆಯನ್ನು ಅದಕ್ಕೆ ಸುರಿದರು. ಸ್ಟುಡಿಯೋ ಅವರಿಗೆ ಸುಖ ಕೊಡಲಿಲ್ಲ. ಇಂದಿನ ತರುಣರು ಆ ಹೆಸರನ್ನು ಬಲ್ಲದ್ದು 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನರ ಅಂತ್ಯಕ್ರಿಯೆ ಅಲ್ಲಿ ನಡೆದುದರಿಂದ. ಕಟ್ಟಿದವನಾರೆಂದು ತರಗತಿಯಲ್ಲಿ ಕೇಳಿದಾಗ ಒಬ್ಬ ವಿದ್ಯಾರ್ಥಿಯೂ ಹೇಳಲಿಲ್ಲ.

ಇನ್ನು ಅವರ ಪಾತ್ರಗಳ ವಿಷಯ. ಜನರ ನೆನಪಿನಲ್ಲಿ ಬಾಲಕೃಷ್ಣರು ಚಾಡಿಕೋರ, ಜಿಪುಣ, ಊರ ಕುತಂತ್ರಿ. ಆದರೆ 1972ರ 'ಬಂಗಾರದ ಮನುಷ್ಯ'ದಲ್ಲಿ ಅವರದು ರಾಚೂಟಪ್ಪನ ಪಾತ್ರ. ನಾಯಕನಿಗೆ ಬೆನ್ನಾಗಿ ನಿಲ್ಲುವ ಹಳ್ಳಿಯ ಹಿರಿಯ. ಅಷ್ಟು ವರ್ಷ ಕುತಂತ್ರಿಯಾಗಿ ಕಂಡ ಮುಖದಲ್ಲಿ ಪ್ರೇಕ್ಷಕರು ಔದಾರ್ಯವನ್ನು ಒಪ್ಪಿಕೊಂಡರು. ನಮ್ಮ ಅಭಿಪ್ರಾಯದಲ್ಲಿ ಆ ಹಿಂದಿನ ಕುತಂತ್ರಿಯೇ ರಾಚೂಟಪ್ಪನಿಗೆ ತೂಕ ಕೊಟ್ಟವನು: ಲೋಕದ ಎಲ್ಲ ಮೋಸವನ್ನೂ ಬಲ್ಲವನು ಒಳ್ಳೆಯವನಾಗಿರಲು ನಿರ್ಧರಿಸಿದಂತೆ ಆ ಪಾತ್ರ ತೋರುತ್ತದೆ. ಎರಡು ವರ್ಷಗಳ ಅನಂತರ ಬಂದ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿಯೂ ಬಾಲಕೃಷ್ಣರಿದ್ದರು. ಉತ್ತರ ಕರ್ನಾಟಕದ ನಾಟಕಕಾರ ಪಿ. ಬಿ. ಧುತ್ತರಗಿಯವರ ಕಂಪನಿ ನಾಟಕವೇ ಆ ಚಿತ್ರಕ್ಕೆ ಮೂಲ. ನಮ್ಮ ಭಾಗದ ಹಿರಿಯರು ಆ ಚಿತ್ರವನ್ನು ಸಿನಿಮಾ ಎನ್ನದೆ 'ನಾಟಕ' ಎಂದೇ ಕರೆಯುವುದನ್ನು ಕೇಳಿದ್ದೇವೆ. ಅದು ತಪ್ಪಲ್ಲ.

ಇಂತಹ ನಟರ ಸಾಕ್ಷ್ಯ ಉಳಿಯುವ ಬಗೆ ಎಲ್ಲೆಡೆಯೂ ಅನಿಶ್ಚಿತವೇ. ಬ್ರಿಟನ್ನಿನಲ್ಲಿ ಆರ್ಥರ್ ಲೋ ಎಂಬ ನಟನು (1915–1982) ಬಾಲಕೃಷ್ಣರಂತೆಯೇ ರಂಗಭೂಮಿಯಿಂದ ಬಂದು, ಹಾಸ್ಯ ಮತ್ತು ಪೋಷಕ ಪಾತ್ರಗಳೆರಡರಲ್ಲಿಯೂ ಹೆಸರಾದವನು. 1968ರಿಂದ 1977ರ ವರೆಗೆ ಬಿಬಿಸಿ ಟೆಲಿವಿಷನ್ ಪ್ರಸಾರ ಮಾಡಿದ 'ಡ್ಯಾಡ್ಸ್ ಆರ್ಮಿ' ಎಂಬ ಹಾಸ್ಯಮಾಲೆಯಲ್ಲಿ ಆತನು ಪ್ರತಿಷ್ಠೆಯೇ ಪ್ರಾಣವಾದ ಬ್ಯಾಂಕ್ ಮ್ಯಾನೇಜರನಾಗಿ ಇಡೀ ದೇಶವನ್ನು ನಗಿಸಿದನು. ಅದರ 80 ಕಂತುಗಳಲ್ಲಿ 3 ಇಂದಿಗೂ ಸಿಕ್ಕಿಲ್ಲ. ಟೇಪುಗಳನ್ನು ಅಳಿಸಿ ಮತ್ತೆ ಬಳಸುವುದು ಆಗ ಸಾಮಾನ್ಯ ಪದ್ಧತಿಯಾಗಿತ್ತು. ನಗೆಯನ್ನು ಕಾಪಿಡಬೇಕೆಂದು ಯಾರಿಗೂ ತೋರಿರಲಿಲ್ಲ. ನಮ್ಮಲ್ಲಿಯೂ 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು 1964ರಲ್ಲಿ. ಆ ವೇಳೆಗೆ ಬಾಲಕೃಷ್ಣರು ಚಿತ್ರರಂಗಕ್ಕೆ ಬಂದು 21 ವರ್ಷಗಳು ಸಂದಿದ್ದುವು. ಇನ್ನು ಕಂಪನಿ ನಾಟಕಗಳಲ್ಲಿ ಅವರು ಹೇಗೆ ಆಡುತ್ತಿದ್ದರೆಂಬುದಕ್ಕೆ ಕಂಡವರ ಮಾತಿನ ಹೊರತು ಬೇರೆ ಆಧಾರವೇ ಇಲ್ಲ, ಕಂಡವರು ಈಗ ವಿರಳ.

ಕಂಡವರ ಮಾತನ್ನು ಬರೆದಿಟ್ಟುಕೊಳ್ಳುವ ವಿಷಯದಲ್ಲಿ ನಾವೂ ನಿರಪರಾಧಿಗಳಲ್ಲ. ಮುತ್ಯಾನಿಗೆ ಎಪ್ಪತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಮಾತಾಡುವವರ ಬಾಯನ್ನೇ ದಿಟ್ಟಿಸಿ ನೋಡತೊಡಗಿದರು. ಮನೆಯ ಮಕ್ಕಳಾದ ನಾವು ಮುಖ ತಿರುಗಿಸಿ ಮಾತಾಡಿ, ಅವರು ತಪ್ಪು ಉತ್ತರ ಕೊಟ್ಟಾಗ ನಗುತ್ತಿದ್ದೆವು. ಬಾಲಕೃಷ್ಣರ ಕಿವುಡುತನದ ಸಂಗತಿ ನಮಗೆ ತಿಳಿದುಬಂದುದು ಬಹಳ ತಡವಾಗಿ, ಎಂ.ಎ. ತರಗತಿಯಲ್ಲಿ ಓದುತ್ತಿದ್ದಾಗ, ಆ ವೇಳೆಗೆ ಮುತ್ಯಾ ಇರಲಿಲ್ಲ. ಅವರ ಕೊನೆಯ ವರ್ಷಗಳಲ್ಲಿ ನಡೆದ ಒಂದು ಸಣ್ಣ ಸಂಗತಿಯ ಅರ್ಥವೂ ನಮಗಾದುದು ಆಗಲೇ. ದೂರದರ್ಶನದ ಧ್ವನಿ ಹೆಚ್ಚಿಸಿದರೂ ಅವರಿಗೆ ಸಿನಿಮಾದ ಮಾತು ತಿಳಿಯುತ್ತಿರಲಿಲ್ಲ, ಹೊಸ ಚಿತ್ರಗಳು ಬಂದರೆ ಎದ್ದು ಹೊರಗೆ ಕಟ್ಟೆಗೆ ಹೋಗುತ್ತಿದ್ದರು. ಬಾಲಕೃಷ್ಣರ ಹಳೆಯ ಚಿತ್ರವಿದ್ದ ದಿನ ಮಾತ್ರ ಕದಲದೆ ಕುಳಿತಿರುತ್ತಿದ್ದರು. ಒಮ್ಮೆ ನಾವು ಕಾರಣ ಕೇಳಿದಾಗ ತೆರೆಯ ಮೇಲಿನಿಂದ ಕಣ್ಣು ತೆಗೆಯದೆಯೇ ಹೇಳಿದರು: "ಇವಂದು ಮಾತ ಒಂದೇ ನನಗ ಪೂರಾ ಕೇಳಸ್ತದ."