ಏಳು ಚೌಕ, ನಾಲ್ಕು ಅಕ್ಷರ: ಲಿನಕ್ಸ್ ಕನ್ಸೋಲಿನಲ್ಲಿ ಕನ್ನಡ ಮೂಡದ ಕಾರಣದ ಮರುಪರಿಶೀಲನೆ

ಲಿನಕ್ಸ್ ಕಲಿತವರ, ಕಲಿಸಿದವರ ನಡುವೆ ಒಂದು ವಿವರಣೆ ಬಹುಕಾಲದಿಂದ ಪ್ರಶ್ನೆಯಿಲ್ಲದೆ ಸಾಗಿಬಂದಿದೆ. ಕನ್ಸೋಲಿನ ಫಾಂಟಿನಲ್ಲಿ 512 ಅಕ್ಷರರೂಪಗಳಿಗೆ ಮಾತ್ರ ಜಾಗವಿದೆ, ಕನ್ನಡಕ್ಕೆ ಅದು ಸಾಲದು, ಆದ್ದರಿಂದಲೇ ಅಲ್ಲಿ ಕನ್ನಡ ಮೂಡುವುದಿಲ್ಲ ಎಂಬುದು ಆ ವಿವರಣೆ. ಮಂಗಳೂರಿನಲ್ಲಿ ನನಗೆ ಲಿನಕ್ಸ್ ಹೇಳಿಕೊಟ್ಟ ಹಿರಿಯರೂ ಇದನ್ನೇ ಹೇಳಿದ್ದರು. ಅವರ ಋಣ ದೊಡ್ಡದು. ಆದರೂ ಈ ವಿವರಣೆ ತಪ್ಪು ಎಂದು ಹೇಳಲೇಬೇಕಾಗಿದೆ, ಏಕೆಂದರೆ ಕಾರಣವನ್ನು ತಪ್ಪಾಗಿ ಗುರುತಿಸಿದ್ದರಿಂದಲೇ ಪರಿಹಾರದ ಹುಡುಕಾಟವೂ ದಾರಿ ತಪ್ಪಿದೆ.

ಮೊದಲು ಸಾಕ್ಷ್ಯ ನೋಡೋಣ. ಚಿತ್ರರೂಪಿ ಡೆಸ್ಕ್‌ಟಾಪಿನಲ್ಲಿ ‘ಮಂಗಳೂರು’ ಎಂಬ ಹೆಸರಿನ ಕಡತವೊಂದನ್ನು ಮಾಡಿಟ್ಟು, ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಪಠ್ಯ ಕನ್ಸೋಲಿಗೆ ಹೋದೆ. ಕಡತಗಳ ಪಟ್ಟಿ ಕೇಳಿದಾಗ ಹೆಸರಿನ ಜಾಗದಲ್ಲಿ ಒಂದೇ ಬಗೆಯ ಏಳು ಚೌಕಗಳು ಸಾಲಾಗಿ ನಿಂತಿದ್ದವು. ಇಲ್ಲಿ ಗಮನಿಸಬೇಕಾದ್ದು ಚೌಕವನ್ನಲ್ಲ, ಏಳು ಎಂಬ ಎಣಿಕೆಯನ್ನು. ಮಂ, ಗ, ಳೂ, ರು ಎಂದು ಓದುವವರಿಗೆ ಇರುವುದು ನಾಲ್ಕೇ ಅಕ್ಷರ. ಯೂನಿಕೋಡಿನಲ್ಲಿ ಅನುಸ್ವಾರವೂ ದೀರ್ಘದ ಮತ್ತು ಕೊಂಬಿನ ಚಿಹ್ನೆಗಳೂ ಬೇರೆ ಬೇರೆ ಸಂಕೇತಗಳಾದ್ದರಿಂದ ಒಟ್ಟು ಏಳಾಗುತ್ತವೆ. ಕನ್ಸೋಲು ಪ್ರತಿ ಸಂಕೇತಕ್ಕೂ ಪರದೆಯ ಮೇಲೆ ಒಂದೊಂದು ಮನೆ ಕೊಟ್ಟಿದೆ. ಫಾಂಟಿನಲ್ಲಿ ಈ ಏಳೂ ರೂಪಗಳು ಇದ್ದಿದ್ದರೂ ‘ಳ’ ಒಂದು ಮನೆಯಲ್ಲಿ, ಅದರ ದೀರ್ಘ ಪಕ್ಕದ ಮನೆಯಲ್ಲಿ ಕೂರುತ್ತಿತ್ತು. ‘ಪುತ್ತೂರು’ ಬರೆದರಂತೂ ‘ತ್ತೂ’ ಎಂಬ ಒಂದೇ ಅಕ್ಷರ ನಾಲ್ಕು ಸಂಕೇತಗಳಾಗಿ ಹರಿಯುತ್ತದೆ, ಒತ್ತು ಕೆಳಗಿಳಿಯುವುದೇ ಇಲ್ಲ.

512ರ ಮಿತಿ ಇರುವುದು ನಿಜ. ವಿಜಿಎ ಪಠ್ಯಪರದೆಯಲ್ಲಿ 80 ಅಂಕಣ, 25 ಸಾಲು, ಒಟ್ಟು 2000 ಮನೆಗಳು. ಪ್ರತಿ ಮನೆಗೆ ಅಕ್ಷರಕ್ಕೊಂದು, ಬಣ್ಣಕ್ಕೊಂದು ಬೈಟು. 256 ಸಾಲದೆ 512 ಬೇಕೆಂದರೆ ಬಣ್ಣದ ಬೈಟಿನಿಂದ ಒಂದು ಬಿಟ್ ಕಿತ್ತುಕೊಳ್ಳಬೇಕು, ಆಗ ಅಕ್ಷರಕ್ಕಿದ್ದ 16 ಬಣ್ಣ 8ಕ್ಕೆ ಇಳಿಯುತ್ತದೆ. ಹಿಂದಿನವರು ಇದರ ಎದುರಿಗೆ ಕನ್ನಡದ ಲೆಕ್ಕ ಇಟ್ಟರು: 34 ವ್ಯಂಜನಗಳ ಗುಣಿತವೇ 400 ದಾಟುತ್ತದೆ, ಒತ್ತಕ್ಷರ ಸೇರಿದರೆ ಸಾವಿರಗಳಾಗುತ್ತವೆ. ಲೆಕ್ಕವೇನೋ ಸರಿ. ಆದರೆ ಪ್ರತಿ ಅಕ್ಷರಕ್ಕೂ ಇಡಿಯಾದ ಒಂದು ರೂಪ ಬೇಕು ಎಂಬ ಊಹೆ ಕನ್ನಡದ್ದಲ್ಲ, ಚೀನೀ ಲಿಪಿಯದು.

ಆ ಊಹೆಯನ್ನು ಮುರಿಯುವ ಸಾಕ್ಷ್ಯ ಡೆಬಿಯನ್ ಅನುಸ್ಥಾಪಕದಲ್ಲೇ ಇದೆ. ಅದನ್ನು ಈ ಚರ್ಚೆಗೆ ಯಾರೂ ತಾರದಿರುವುದು ನನಗೆ ಬೇಸರದ ಸಂಗತಿ. ಆ ಅನುಸ್ಥಾಪಕದ ಪಠ್ಯರೂಪ ಫ್ರೇಮ್‌ಬಫರ್ ಮೇಲೆ ತನ್ನದೇ ಪುಟ್ಟ ಟರ್ಮಿನಲ್ ಓಡಿಸಿ ಚೀನೀ, ಜಪಾನೀ ಲಿಪಿಗಳನ್ನು ತೋರಿಸುತ್ತದೆ. 512ರ ಬೇಲಿ ಅಲ್ಲಿಲ್ಲ. ಆದರೂ ಆ ಪಠ್ಯರೂಪದ ಭಾಷಾಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡ ಸಿಗುವುದು 2007ರ ಡೆಬಿಯನ್ 4.0ರೊಂದಿಗೆ ಬಳಕೆಗೆ ಬಂದ ಚಿತ್ರರೂಪಿ ಅನುಸ್ಥಾಪಕದ ಸಾಲಿನಲ್ಲಿ. ಬೇಲಿ ತೆಗೆದಾಗ ಸಾವಿರಾರು ರೂಪಗಳ ಲಿಪಿ ಒಳಬಂತು, ನಮ್ಮದು ಹೊರಗೇ ಉಳಿಯಿತು. ಹಾಗಾದರೆ ನಮ್ಮನ್ನು ತಡೆದದ್ದು ಸಂಖ್ಯೆಯಲ್ಲ.

ಇನ್ನೊಂದು ಸಾಕ್ಷ್ಯ ನಮ್ಮ ಕಚೇರಿಗಳಲ್ಲೇ ಇತ್ತು. ಕನ್ನಡ ಬೆರಳಚ್ಚು ಯಂತ್ರದ ಅಚ್ಚುಗಳು ನೂರಕ್ಕಿಂತ ಕಡಿಮೆ. ಅಷ್ಟರಲ್ಲೇ ಅದು ಇಡೀ ಆಡಳಿತವನ್ನು ಬರೆಯಿತು, ಏಕೆಂದರೆ ಗಾಡಿ ಮುಂದೆ ಸರಿಯದೆ ಒಂದು ಗುರುತಿನ ಮೇಲೆ ಇನ್ನೊಂದು ಬೀಳುವ ಏರ್ಪಾಡು ಅದರಲ್ಲಿತ್ತು. ಅಚ್ಚುಮೊಳೆಯ ಕಥೆಯೂ ಇದೇ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದದ್ದು ಕಲ್ಲಚ್ಚಿನಲ್ಲಿ. ಕೈಬರಹವೇ ಕಲ್ಲಿನ ಮೇಲೆ ಇಳಿಯುವಲ್ಲಿ ಮನೆಗಳ ಪ್ರಶ್ನೆಯೇ ಬರುವುದಿಲ್ಲ. ಅದೇ ಬಾಸೆಲ್ ಮಿಷನ್ ಮುಂದೆ ಮೊಳೆ ಜೋಡಿಸಿ 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಮುದ್ರಿಸಿತು. ಅಲ್ಲಿ ಒತ್ತನ್ನು ಅಕ್ಷರದ ಕೆಳಗೆ ಕೂರಿಸಲು ಮೊಳೆ ಜೋಡಿಸುವವನ ಕೈ ಇತ್ತು. ಕನ್ಸೋಲಿನಲ್ಲಿ ಇಲ್ಲದಿರುವುದು ಆ ಕೈ. ಚೆನ್ನೆಮಣೆಯ ಒಂದು ಗುಳಿಯಲ್ಲಿ ನಾಲ್ಕು ಕಾಯಿ ಕೂರುತ್ತವೆ, ಕನ್ಸೋಲಿನ ಮನೆಯಲ್ಲಿ ಒಂದೇ.

ಗುರುತುಗಳನ್ನು ಹೆಣೆದು ಅಕ್ಷರ ಕಟ್ಟುವ ಈ ವಿವೇಕ ನಮ್ಮ ನೆರೆಯಲ್ಲೇ ಇತ್ತು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಿಂತಿರುವುದೇ ಇದರ ಮೇಲೆ: ಬೆರಳು ಒತ್ತುವುದು ಧ್ವನಿಯನ್ನು, ರೂಪ ಹೆಣೆಯುವುದು ಯಂತ್ರದ ಕೆಲಸ. ಅವರನ್ನು ಕೀಲಿಮಣೆಯ ಪಿತಾಮಹರೆಂದು ಹೊಗಳಿ ಸುಮ್ಮನಾಗುವವರು ಈ ತತ್ತ್ವವನ್ನು ಪರದೆಯ ಪ್ರಶ್ನೆಗೂ ಅನ್ವಯಿಸಬೇಕಿತ್ತು. ಡೆಸ್ಕ್‌ಟಾಪಿನಲ್ಲಿ ಹಾರ್ಫ್‌ಬಜ್‌ನಂಥ ತಂತ್ರಾಂಶ ಆ ಹೆಣಿಗೆ ಮಾಡುತ್ತದೆ, ಕರ್ನೆಲ್ಲಿನ ಕನ್ಸೋಲಿನಲ್ಲಿ ಅಂಥದ್ದಿಲ್ಲ.

ಇದಕ್ಕೆ ಕರ್ನೆಲ್ ಬರೆದವರನ್ನು ದೂರುವುದೂ ನ್ಯಾಯವಲ್ಲ. 1992ರ ಜನವರಿಯ 0.12 ಆವೃತ್ತಿಯಲ್ಲಿ ಪೀಟರ್ ಮ್ಯಾಕ್‌ಡೊನಾಲ್ಡ್ ಅವರ ಕೆಲಸದಿಂದ ಎಡ ಆಲ್ಟ್ ಜೊತೆ ಎಫ್ ಕೀಲಿ ಒತ್ತಿ ಕನ್ಸೋಲು ಬದಲಿಸುವುದು ಸಾಧ್ಯವಾದಾಗ, ಅವರ ಮುಂದಿದ್ದದ್ದು ಇಜಿಎ, ವಿಜಿಎ ಯಂತ್ರಾಂಶ ಕೊಟ್ಟ ಮನೆಗಳಷ್ಟೇ. ಎಕ್ಸ್ ಎಂಬ ಚಿತ್ರರೂಪಿ ವ್ಯವಸ್ಥೆ ಬಂದ ಮೇಲೆ ಆಲ್ಟ್ ಅದರೊಳಗಿನ ತಂತ್ರಾಂಶಗಳಿಗೆ ಬೇಕಾಯಿತು, ಅಲ್ಲಿಂದ ಹೊರಬರಲು ಕಂಟ್ರೋಲ್ ಸೇರಿತು. ಆ ಮನೆಯ ಕಲ್ಪನೆ ಮಾತ್ರ ಫ್ರೇಮ್‌ಬಫರ್ ಬಂದ ಮೇಲೂ ಉಳಿದುಕೊಂಡಿತು.

ಯಂತ್ರದ ನಿರ್ವಹಣೆಗಷ್ಟೇ ಬಳಸುವ ಈ ಪರದೆಗೆ ಕನ್ನಡ ಯಾಕೆ ಎಂದು ಕೇಳುವವರಿದ್ದಾರೆ. ಡೆಸ್ಕ್‌ಟಾಪ್ ಕೈಕೊಟ್ಟ ದಿನ ನಾವು ಓಡುವುದು ಎಫ್3ಕ್ಕೇ, ಉಳಿಸಿಕೊಳ್ಳಬೇಕಾದ ಕಡತಗಳ ಹೆಸರು ಕಾಣದಾಗುವುದೂ ಅಲ್ಲೇ. ಹೆಸರಿಗೇನೂ ಆಗಿರುವುದಿಲ್ಲ. ಏಳು ಚೌಕಗಳ ಹಿಂದೆ ‘ಮಂಗಳೂರು’ ಎಂಬ ಹೆಸರಿನ 21 ಬೈಟುಗಳು ಇದ್ದಂತೆಯೇ ಇರುತ್ತವೆ, ಡೆಸ್ಕ್‌ಟಾಪಿಗೆ ಮರಳಿದರೆ ನಾಲ್ಕು ಅಕ್ಷರ ನೆಟ್ಟಗೆ ನಿಲ್ಲುತ್ತವೆ. ಆದ್ದರಿಂದ ಫಾಂಟಿನ ಪಟ್ಟಿ ಉದ್ದವಾಗಲಿ ಎಂದು ಕೇಳುವುದನ್ನು ನಾವು ನಿಲ್ಲಿಸಬೇಕು. ಕೇಳಬೇಕಾದ್ದು ಒಂದೇ ಮನೆಯಲ್ಲಿ ಅಕ್ಷರವೂ ಅದರ ಒತ್ತೂ ಒಟ್ಟಿಗೆ ಕೂರುವ ವ್ಯವಸ್ಥೆಯನ್ನು.