ಪೆಪ್ಪರ್ ಎಂದರೆ ಯಾವ ಮೆಣಸು?

ಇಂಗ್ಲಿಷಿನ ‘ಪೆಪ್ಪರ್’ ಕರಿಮೆಣಸೂ ಹೌದು, ಮೆಣಸಿನಕಾಯಿಯೂ ಹೌದು, ಖಾರವಿಲ್ಲದ ದೊಣ್ಣೆಮೆಣಸಿನಕಾಯಿಯೂ ಹೌದು. ಮೂಲದಲ್ಲಾದರೋ ಅದು ಈ ಮೂರೂ ಅಲ್ಲದ ಹಿಪ್ಪಲಿಯ ಹೆಸರು. ಸಂಸ್ಕೃತದ ‘ಪಿಪ್ಪಲಿ’ ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪೆರ್’ ಆಗಿ ಕರಿಮೆಣಸಿಗೂ ಅಂಟಿಕೊಂಡಿತು. 1492ರಲ್ಲಿ ಸಂಬಾರವನ್ನರಸಿ ಹೊರಟ ಕೊಲಂಬಸ್‌ಗೆ ಕೆರಿಬಿಯನ್ ದ್ವೀಪಗಳಲ್ಲಿ ಸಿಕ್ಕಿದ್ದು ಮೆಣಸಿನಕಾಯಿ. ಇದೇ ಇವರ ಮೆಣಸು ಎಂದು ಬರೆದುಕೊಂಡ.

ಅವನನ್ನು ನೋಡಿ ನಾವು ನಗುವಂತಿಲ್ಲ. ಪೋರ್ಚುಗೀಸರ ಮೂಲಕ ಆ ಕಾಯಿ ಇಲ್ಲಿಗೆ ಬಂದಾಗ ಕನ್ನಡಿಗರೂ ಮಾಡಿದ್ದು ಅದನ್ನೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಬಳ್ಳಿಯ ಮೆಣಸಿಗಾಗಿ. ಆದರೆ ಇಂದು ಹೊನ್ನಾಳಿ ಸೀಮೆಯ ಗೋವಿನಕೋವಿಯಂಥ ಊರಿನ ಅಂಗಡಿಯಲ್ಲಿ ಅದು ಬೇಕಾದರೆ ‘ಕಾಳುಮೆಣಸು’ ಎಂದು ಬಿಡಿಸಿ ಹೇಳಬೇಕು. ನೆಂಟ ಹೆಸರು ಪಡೆದ, ಮನೆಯವನಿಗೆ ವಿಶೇಷಣ ಉಳಿಯಿತು! ಕರಾವಳಿಯವರು ಮಾತ್ರ ಹಳೆಯದನ್ನು ‘ಒಳ್ಳೆಮೆಣಸು’ ಎಂದೇ ಕರೆಯುತ್ತಾರೆ.