ನಮ್ಮ ಭಾಗಕ್ಕೆ ಮೈಕ್ ಬಂದ ಬಗೆ ಹಾಗೂ ನಾವು ಕಲಿತ ಪಾಠ

ಸಾಲ, ಗೊಬ್ಬರ, ಠೇವಣಿಗಳ ಲೆಕ್ಕವನ್ನು ಕಾರ್ಯದರ್ಶಿಗಳು ಬೇರೆ ಕಡೆ ಬರೆದಿದ್ದಾರೆ. ಗೋದಾಮಿನ ಮೂಲೆಯಲ್ಲಿರುವ ಮೈಕ್ ಸೆಟ್ಟಿನ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಆಡಳಿತ ಮಂಡಳಿಯವರು ನಮಗೆ ಹೇಳಿದರು. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ಕಸುಬು ಒಕ್ಕಲುತನ. ವಾಯರಿನ ಕೆಲಸ ನೋಡಿ ಕಲಿತದ್ದು, ಪೆಟ್ಟು ತಿಂದು ಕಲಿತದ್ದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಹಿಂದೆ ಊರಿಗೆ ಸುದ್ದಿ ಮುಟ್ಟಿಸೂದು ಡಂಗುರದಿಂದಲೇ. ಶ್ರೀಕೃಷ್ಣ ಪಾರಿಜಾತದ ಮೇಳದವರು ಗ್ಯಾಸಬತ್ತಿ ಬೆಳಕಿನಾಗ ಬೆಳತನಕ ಹಾಡತಿದ್ರು, ಕಡೀ ಸಾಲಿನಾಗ ಕೂತ ಮುದುಕನಿಗೂ ಕೇಳತಿತ್ತು ಎಂದು ಹಿರಿಯರು ಹೇಳುತ್ತಾರೆ. ಆದರೆ ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಸೇರುವ ಮಂದಿಗೆ ಗಂಟಲೊಂದೇ ಸಾಲದು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಸಾವಿರಗಟ್ಟಲೆ ಹೆದ್ದಾರಿಯ ಮೇಲೆ ಕೂತಾಗ, ಬರೇ ಬಾಯಿಮಾತು ಎಲ್ಲಿಯ ತನಕ ಮುಟ್ಟೀತು?

ಸಣ್ಣ ಧ್ವನಿಯನ್ನು ದೊಡ್ಡದು ಮಾಡುವ ವಾಲ್ವನ್ನು ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದರು. 1915ರಲ್ಲಿ ಜೆನ್ಸನ್ ಮತ್ತು ಪ್ರಿಢಮ್ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೌಡ್‌ಸ್ಪೀಕರನ್ನು ಬಹಿರಂಗವಾಗಿ ಕೇಳಿಸಿದರು. ಮುಂದೆ 1947ರಲ್ಲಿ ಟ್ರಾನ್ಸಿಸ್ಟರ್ ಬಂತು, ಪೆಟ್ಟಿಗೆ ಹಗುರಾಯಿತು. ನಮ್ಮ ನಾಡು 1956ರಲ್ಲಿ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯ ಸೇರಿತು. ಮರುವರ್ಷ ವಿದ್ಯುತ್ ಮಂಡಳಿ ಸ್ಥಾಪನೆಯಾಯಿತು. ಅದನ್ನೇ ನಾವು ಕೆಇಬಿ ಎಂದು ಕರೆದದ್ದು. 2002ರಿಂದ ಹೆಸ್ಕಾಂ ಆಗಿದ್ದರೂ ನಮ್ಮ ಮಂದಿಯ ಬಾಯಾಗ ಇಂದಿಗೂ ಅದು ಕೆಇಬಿಯೇ.

ಊರಿಗೆ ಕರೆಂಟ್ ಬರುವ ಮೊದಲು ಮೈಕ್ ನಡೆದದ್ದು ಬ್ಯಾಟರಿ ಮೇಲೆ. ಇದರಲ್ಲಿ ಒಂದು ಗುಟ್ಟಿದೆ. 100 ವ್ಯಾಟಿನ ಸೆಟ್ಟು 230 ವೋಲ್ಟಿನ ಮೇಲೆ ನಡೆದರೆ ಒಂದು ಆಂಪಿಯರೂ ಎಳೆಯುವುದಿಲ್ಲ. ಅದೇ ಸೆಟ್ಟು 12 ವೋಲ್ಟಿನ ಟ್ರ್ಯಾಕ್ಟರ್ ಬ್ಯಾಟರಿ ಮೇಲೆ 12ರಿಂದ 15 ಆಂಪಿಯರ್ ಎಳೆಯುತ್ತದೆ. ವೋಲ್ಟ್ ಕಡಿಮೆ ಇದೆ, ಏನಾಗತೈತಿ ಬಿಡ್ರಿ ಎಂದು ಸಣ್ಣ ವಾಯರ್ ಹಚ್ಚಿದರೆ ವಾಯರ್ ಕಾದು ಹೊಗೆ ಬರುತ್ತದೆ. ಆದ್ದರಿಂದ ಬ್ಯಾಟರಿಗೆ ದಪ್ಪ ವಾಯರ್ ಬೇಕು, ಬ್ಯಾಟರಿಯ ಬದಿಗೇ ಫ್ಯೂಜ್ ಬೇಕು, ಕೂಡಿಸು-ಕಳೆ ಗುರುತು ನೋಡಿಯೇ ಹಚ್ಚಬೇಕು.

ಕಂಬ ಬಂದ ಮೇಲೆ ಇನ್ನೊಂದು ಕೆಟ್ಟ ರೂಢಿ ಬಂತು. ಹಬ್ಬ ಬಂತೆಂದರೆ ಬಿದಿರಿಗೆ ವಾಯರ್ ಕಟ್ಟಿ ಲೈನಿಗೆ ಕೊಕ್ಕೆ ಹಾಕೂದು. ಕತ್ತಲಲ್ಲಿ ನ್ಯೂಟ್ರಲ್ ಎಂದು ತಿಳಿದು ಇನ್ನೊಂದು ಫೇಜಿಗೇ ಕೊಕ್ಕೆ ಬಿದ್ದರೆ ಎರಡರ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಒಂದು ಗಣಪತಿ ಹಬ್ಬದಲ್ಲಿ ಹೀಗೇ ಒಂದು ಬಾಡಿಗೆ ಸೆಟ್ಟು ಸುಟ್ಟದ್ದನ್ನು ನಾವು ಕಣ್ಣಾರೆ ಕಂಡೇವು. ಸೆಟ್ಟು ಹೋದರೆ ರೊಕ್ಕಾ ಹೋಯಿತು, ಕೊಕ್ಕೆ ಹಾಕಿದವನು ಹೋಗಿದ್ದರೆ?

ಈಗ ನಮ್ಮ ತಪ್ಪಿನ ಮಾತು. ಸಂಘ ಶುರುವಾದ ಕೆಲವು ವರ್ಷಕ್ಕೆ ಸದಸ್ಯರ ಮದುವೆ, ಸಭೆಗಳಿಗೆ ಅನುಕೂಲವಾಗಲೆಂದು ಒಂದು ಸೆಟ್ಟು ಕೊಂಡೆವು. ಅದರ ಪ್ಲಗ್ಗಿಗೆ ಮೂರು ಪಿನ್ನು, ಆ ಮನೆಯ ಬೋರ್ಡಿಗೆ ಎರಡೇ ತೂತು. ನಾವೇ ಇಕ್ಕಳ ತಗೊಂಡು ಮೂರನೇ ದಪ್ಪ ಪಿನ್ನು ಕಿತ್ತು ಒಗೆದೆವು. ಸೆಟ್ಟು ಚೆನ್ನಾಗಿಯೇ ನಡೆಯಿತು, ಯಾರೂ ಏನೂ ಅನ್ನಲಿಲ್ಲ. ಮುಂದಿನ ವರ್ಷದ ಜಾತ್ರೆಯಲ್ಲಿ ಓಣಿಗೆ ನೀರು ಹೊಡೆದಿತ್ತು. ಪದ ಹೇಳಲು ಬಂದ ಒಬ್ಬ ಹುಡುಗ ಬರಿಗಾಲಲ್ಲಿ ನಿಂತು ಮೈಕ್ ಹಿಡಿದ. ಹಿಡಿದ ಕೈ ಬಿಡಲೇ ಇಲ್ಲ. ಒಬ್ಬ ಅಜ್ಜ ಒಣಗಿದ ಬಡಿಗಿಯಿಂದ ವಾಯರ್ ಹೊಡೆದು ಬಿಡಿಸಿದರು. ಹುಡುಗ ಉಳಿದ, ಅಂಗೈ ಸುಟ್ಟಿತ್ತು.

ಮರುದಿನ ಸೆಟ್ಟು ಬಿಚ್ಚಿ ನೋಡಿದರೆ ಒಳಗೆ ವಾಯರಿನ ರಬ್ಬರ್ ಸವೆದು ಫೇಜ್ ಕಬ್ಬಿಣದ ಪೆಟ್ಟಿಗೆಗೆ ತಾಗಿತ್ತು. ಪೆಟ್ಟಿಗೆಯಿಂದ ಮೈಕಿನ ವಾಯರಿನ ಹೆಣೆದ ತಂತಿ ಗುಂಟ ಮೈಕಿಗೆ, ಮೈಕಿನಿಂದ ಹುಡುಗನ ಕೈಗೆ, ಅಲ್ಲಿಂದ ಹಸಿ ನೆಲಕ್ಕೆ. ನಾವು ಕಿತ್ತೊಗೆದ ಆ ಪಿನ್ನು ಇದ್ದಿದ್ದರೆ, ಭೂಮಿಗೆ ಅರ್ಥಿಂಗ್ ಸರಿಯಾಗಿದ್ದಿದ್ದರೆ, ಕರೆಂಟ್ ಆ ದಾರಿಯಿಂದ ಇಳಿದು ಫ್ಯೂಜ್ ಹಾರುತ್ತಿತ್ತು. ಹುಡುಗನ ತಂದೆ ನಮ್ಮ ಸದಸ್ಯರೇ. ಸಿಟ್ಟು ಮಾಡಲಿಲ್ಲ. "ಅಣ್ಣಾರ, ಸೆಟ್ಟು ಸಂಘದ್ದ ಅಂತ ನಂಬಿ ಒಯ್ದೇವ್ರಿ. ಕೊಡೂ ಮುಂದ ಯಾರರ ಒಮ್ಮೆ ನೋಡಬೇಕಿತ್ತಲ್ರಿ?" ಎಂದರು ಅಷ್ಟೇ. ಆ ಮಾತು ಇಂದಿಗೂ ಚುಚ್ಚುತ್ತದೆ.

ಅಂದಿನಿಂದ ಸಂಘದ ಸೆಟ್ಟು ಪರೀಕ್ಷೆಯಿಲ್ಲದೆ ಬಾಗಿಲು ದಾಟುವುದಿಲ್ಲ. ಮೂರು ಪಿನ್ನೂ ಇರಬೇಕು. ಗೋದಾಮಿನ ಹಿಂದೆ ಇದ್ದಲಿ, ಉಪ್ಪು ಹಾಕಿ ಅರ್ಥಿಂಗ್ ಗುಂಡಿ ಮಾಡಿಸಿದ್ದೇವೆ, ಬ್ಯಾಸಿಗ್ಯಾಗ ನೀರು ಹಾಕುತ್ತೇವೆ. ಸೆಟ್ಟಿನ ಜೊತೆಗೆ ಹೋಗುವ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆ. ಕರೆಂಟ್ ಮೈಮೇಲೆ ಹಾಯ್ದು ಭೂಮಿಗೆ ಇಳಿದರೆ ಅದು ಕ್ಷಣದಲ್ಲಿ ಕಡಿಯುತ್ತದೆ. ಹಾರಿದ ಫ್ಯೂಜಿನ ಜಾಗದಾಗ ದಪ್ಪ ತಂತಿ ಸುತ್ತೂದು ಬಂದ್. ಭೋಂಗಾ ಹಚ್ಚುವಾಗಲೂ ಲೆಕ್ಕ ಬೇಕು: 16 ಓಮಿನ ಎರಡನ್ನು ಜೋಡಿಯಾಗಿ ಅಕ್ಕಪಕ್ಕ ಹಚ್ಚಿದರೆ 8 ಓಮ್, ನಾಲ್ಕು ಹಚ್ಚಿದರೆ 4. ಸೆಟ್ಟಿನ ಹಿಂದೆ ಬರೆದದ್ದಕ್ಕಿಂತ ಓಮ್ ಕಡಿಮೆಯಾದರೆ ಸೆಟ್ಟು ಕಾದು ಕೆಡುತ್ತದೆ. ಹಳೇ ವಾಲ್ವ್ ಸೆಟ್ಟನ್ನು ಬಂದ್ ಮಾಡಿದ ಕೂಡಲೇ ಬಿಚ್ಚಬಾರದು. ಒಳಗಿನ ಕಂಡೆನ್ಸರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರುತ್ತದೆ.

ಈಗ ಡಾಲ್ಬಿ ಕಾಲ. ಎದೆ ನಡುಗುವಷ್ಟು ಸಪ್ಪಳ. ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ಹಚ್ಚಬಾರದೆಂದು 2000ನೇ ಇಸವಿಯ ನಿಯಮವೇ ಇದೆ. ಅದನ್ನು ಪಾಲಿಸೋಣ. ಸಹಕಾರ ಎಂದರೆ ಒಬ್ಬರ ಜೀವಕ್ಕೆ ಇನ್ನೊಬ್ಬರು ಜಾಮೀನು ಇದ್ದಂತೆ. ಸೆಟ್ಟು ಒಯ್ಯುವವರು ಮೂರನೇ ಪಿನ್ನಿನ ಮೇಲೆ ಒಮ್ಮೆ ಕಣ್ಣಾಡಿಸಿರಿ ಎಂದು ಕೈಮುಗಿದು ವಿನಂತಿಸಿ ಈ ನಾಲ್ಕು ಮಾತು ಮುಗಿಸುತ್ತೇವೆ.